ವರ್ಷಕ್ಕೊಮ್ಮೆ ಬರುವ ಬೆಳೆಯ ಹಣವನ್ನು ಹನ್ನೆರಡು ತಿಂಗಳಿಗೆ ಹೊಂದಿಸುವುದು ಹೇಗೆ?

ಪ್ರಶ್ನೆ (ಗೃಹಿಣಿ, ಜಗಳೂರು ತಾಲ್ಲೂಕು): ಸರ್, ನಮಸ್ಕಾರ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳ ಮಾರಿ, ಖರ್ಚು ಕಳೆದು 1,80,000 ರೂಪಾಯಿ ಕೈಗೆ ಬಂದಿದೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯ 50,000 ಕೈಸಾಲವಿದೆ. ಮನೆಖರ್ಚು ತಿಂಗಳಿಗೆ 8,000. ಪರಿಚಯದವರೊಬ್ಬರು ವರ್ಷಕ್ಕೆ 24,000 ಕಟ್ಟುವ ಪಾಲಿಸಿ ಮಾಡಿಸಿ ಎನ್ನುತ್ತಿದ್ದಾರೆ. ನಾಲ್ಕು ವರ್ಷದ ಮಗಳಿದ್ದಾಳೆ. ಎಲ್ಲಿಂದ ಆರಂಭಿಸಲಿ?

ಉತ್ತರ (ಲೆಕ್ಕಪರಿಶೋಧಕರು, ದಾವಣಗೆರೆ): ನಮಸ್ಕಾರ ಮೇಡಂ. ಮೊದಲು ಕೈಸಾಲ ತೀರಿಸಿ. ಅದಕ್ಕೆ ತಿಂಗಳಿಗೆ 1,500, ವರ್ಷಕ್ಕೆ 18,000 ರೂಪಾಯಿ ಬಡ್ಡಿಯೇ ಹೋಗುತ್ತಿದೆ. ಅಷ್ಟೇ ಹಣವನ್ನು ಶೇಕಡ 7ರಂತೆ ಠೇವಣಿ ಇಟ್ಟರೂ ಬರುವುದು ಸುಮಾರು 3,500 ಮಾತ್ರ. ಆದ್ದರಿಂದ ಈ ಸಾಲವಿರುವಾಗ ಬೇರಾವ ಉಳಿತಾಯವೂ ಲಾಭವಲ್ಲ.

ಉಳಿಯುವ 1,30,000ರಲ್ಲಿ ಮನೆಖರ್ಚಿನ 96,000ವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಪ್ರತಿ ತಿಂಗಳ ಒಂದನೇ ತಾರೀಖು 8,000 ತಾನಾಗಿಯೇ ನಿಮ್ಮ ಬಳಕೆಯ ಖಾತೆಗೆ ಬರುವಂತೆ ಬ್ಯಾಂಕಿಗೆ ಬರೆದುಕೊಡಿ. ಆ ಖಾತೆಗೆ ಎಟಿಎಂ ಕಾರ್ಡ್ ಪಡೆಯಬೇಡಿ. ಮುಂಗಾರಿನ ಬೀಜ, ಗೊಬ್ಬರಕ್ಕೆ 30,000 ತೆಗೆದಿಡಿ, ಏಕೆಂದರೆ ಕೈಸಾಲ ಮತ್ತೆ ಹುಟ್ಟುವುದು ಬಿತ್ತನೆಯ ಹೊತ್ತಿನಲ್ಲೇ.

ಇನ್ನು ಉಳಿಯುವುದು 4,000. ಇದರಲ್ಲಿ 24,000ದ ಪಾಲಿಸಿಗೆ ಜಾಗವೇ ಇಲ್ಲ. ಮಳೆ ಕೈಕೊಟ್ಟ ವರ್ಷ ಕಂತು ತಪ್ಪಿದರೆ ಕಟ್ಟಿದ ಹಣಕ್ಕೂ ಪೆಟ್ಟು ಬೀಳುತ್ತದೆ. ಬದಲಿಗೆ 50 ವರ್ಷದೊಳಗಿನ ನಿಮ್ಮ ಯಜಮಾನರ ಹೆಸರಿನಲ್ಲಿ ವರ್ಷಕ್ಕೆ 436 ರೂಪಾಯಿಯ ಪ್ರಧಾನಮಂತ್ರಿ ಜೀವನ ಜ್ಯೋತಿ ಜೀವವಿಮೆ, 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಅಪಘಾತ ವಿಮೆ ಮಾಡಿಸಿ. ಸಾವಿಗೆ ಮೊದಲನೆಯದರಿಂದ 2 ಲಕ್ಷ, ಅಪಘಾತದ ಸಾವಾದರೆ ಎರಡನೆಯದರಿಂದ ಇನ್ನೂ 2 ಲಕ್ಷ ಕುಟುಂಬಕ್ಕೆ ಸಿಗುತ್ತದೆ. ಮಗಳಿಗೆ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಿರಿ. ವರ್ಷಕ್ಕೆ ಕನಿಷ್ಠ 250 ಕಟ್ಟಿದರೂ ಖಾತೆ ಚಾಲ್ತಿಯಲ್ಲಿರುತ್ತದೆ; ಬೆಳೆ ಚೆನ್ನಾಗಿ ಬಂದ ವರ್ಷ ಹೆಚ್ಚು ಕಟ್ಟಬಹುದು. 15 ವರ್ಷ ಕಟ್ಟಬೇಕು, ಖಾತೆ ತೆರೆದ 21 ವರ್ಷಕ್ಕೆ ಪಕ್ವವಾಗುತ್ತದೆ. ಅವಳಿಗೆ 18 ತುಂಬಿದ ಮೇಲೆ ಓದಿಗಾಗಿ ಅರ್ಧದವರೆಗೆ ತೆಗೆಯಲು ಅವಕಾಶವಿದೆ. ಬರುವ ವರ್ಷ ಉಳಿಯುವ 18,000 ಬಡ್ಡಿಯ ಹಣದಲ್ಲಿ ಈ ಖಾತೆಗೆ ನೆಮ್ಮದಿಯಿಂದ ಕಟ್ಟಬಲ್ಲಿರಿ.

ಪ್ರಶ್ನೆ (ಅವರೇ): ಆ 96,000ವನ್ನು ಹೆಚ್ಚು ಬಡ್ಡಿ ಕೊಡುವ ಊರಿನ ಪತ್ತಿನ ಸಂಘದಲ್ಲಿ ಇಡಬಹುದೇ ಸರ್?

ಉತ್ತರ: ಬೇಡ ಮೇಡಂ. ರಿಸರ್ವ್ ಬ್ಯಾಂಕ್ ಪರವಾನಗಿಯ ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ ಕೂಡ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘಗಳಿಗೆ ಈ ವಿಮೆ ಇಲ್ಲ. ಇದು ನಿಮ್ಮ ವರ್ಷದ ಅನ್ನದ ಹಣ, ಬ್ಯಾಂಕಿನಲ್ಲೇ ಇರಲಿ.