ಹಿರಿಯರ ಮರೆವಿಗೆ ಚಹಾ ನೆರವಾಗುತ್ತದೆಯೇ? ಅನುಭವ ಉಳ್ಳವರು ದಯವಿಟ್ಟು ತಿಳಿಸಿ

ನಮ್ಮ ತಂದೆಯವರಿಗೆ 74 ವರ್ಷ. ಆರು ತಿಂಗಳಿಂದ ಪರಿಚಿತರ ಹೆಸರು, ಇಟ್ಟ ವಸ್ತು ಮರೆಯುತ್ತಿದ್ದಾರೆ. ಚಹಾದಿಂದ ನೆನಪು ಉಳಿಯುತ್ತದೆಂದು ಬಂಧುಗಳು ಹೇಳಿದ ಮೇಲೆ ದಿನಕ್ಕೆ ಎರಡಿದ್ದದ್ದು ಐದು ಲೋಟವಾಗಿದೆ. ಹೀಗೆಯೇ ಮುಂದುವರಿಸಬಹುದೇ, ಅಥವಾ ಹಸಿರು ಚಹಾ ಕೊಡಬೇಕೇ?

ಧಾರವಾಡದಿಂದ ಒಬ್ಬರು:
ತಂಗಿ, ನಾಲ್ಕು ವರ್ಷಗಳ ಹಿಂದೆ ನಮ್ಮ ತಾಯಿಯವರೂ ಒಲೆಯ ಮೇಲೆ ಹಾಲಿಟ್ಟು ಮರೆಯತೊಡಗಿದ್ದರು. ಮೊದಲು ತೋರಿಸಿದ ವೈದ್ಯರು ವಯಸ್ಸಿನ ಮರೆವೆಂದು ಹೇಳಿ ಕಳುಹಿಸಿದರು. ನಾವೂ ನಂಬಿ ಎಂಟು ತಿಂಗಳು ಕಳೆದೆವು. ಆ ಎಂಟು ತಿಂಗಳು ನನ್ನನ್ನು ಇಂದಿಗೂ ಬಾಧಿಸುತ್ತವೆ. ಬೇರೊಬ್ಬರು ರಕ್ತಪರೀಕ್ಷೆ ಮಾಡಿಸಿದಾಗ ಬಿ12 ಜೀವಸತ್ವ ತೀರ ಕಡಿಮೆ ಇರುವುದು ತಿಳಿಯಿತು. ತಾಯಿಯವರು ಸಸ್ಯಾಹಾರಿಗಳು, ಮೇಲಾಗಿ ಹತ್ತು ವರ್ಷಗಳಿಂದ ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು. ಇವೆರಡೂ ಬಿ12 ಕೊರತೆಗೆ ದಾರಿ ಮಾಡಬಲ್ಲವು. ಚುಚ್ಚುಮದ್ದು ಆರಂಭಿಸಿದ ಕೆಲವು ತಿಂಗಳಲ್ಲಿ ಗೊಂದಲ ಬಹುಮಟ್ಟಿಗೆ ತಗ್ಗಿತು. ಆದ್ದರಿಂದ ಚಹಾದ ಲೆಕ್ಕಕ್ಕಿಂತ ಮೊದಲು ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ, ಕಿವಿ ಸರಿಯಾಗಿ ಕೇಳಿಸುತ್ತಿದೆಯೇ ನೋಡಿಸಿ, ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ವೈದ್ಯರ ಮುಂದಿಡಿ.

ಐದು ಲೋಟ ನನಗೆ ಹೆಚ್ಚೆನಿಸುತ್ತದೆ. ಚಹಾದಲ್ಲಿರುವ, ನಿದ್ರೆಯನ್ನು ದೂರವಿಡುವ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಗಳ ನಂತರವೂ ದೇಹದಲ್ಲಿ ಉಳಿದಿರುವುದರಿಂದ, ಸಂಜೆ ಆರರ ಚಹಾ ರಾತ್ರಿಯ ನಿದ್ರೆ ಕೆಡಿಸಬಹುದು. ನಿದ್ರೆ ಕೆಟ್ಟವರ ನೆನಪು ಮರುದಿನ ಇನ್ನಷ್ಟು ಮಂಕಾಗುತ್ತದೆ. ನಾವು ನಾಲ್ಕು ಗಂಟೆಯ ನಂತರದ ಚಹಾ ನಿಲ್ಲಿಸಿದೆವು, ಸಕ್ಕರೆ ಬಿಟ್ಟೆವು. ಆದರೆ ಬೆಳಗಿನ ಚಹಾವನ್ನು ಇಂದಿಗೂ ತಾಯಿಯವರೇ ಕುದಿಸಿ ಸೋಸುತ್ತಾರೆ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಆ ಕೆಲಸವನ್ನು ಅವರ ಕೈಯಿಂದ ಕಸಿದುಕೊಳ್ಳಲು ನನಗೆ ಮನಸ್ಸಿಲ್ಲ.

ಸಿಂಗಪುರದಲ್ಲಿರುವ ಕನ್ನಡಿಗರೊಬ್ಬರು:
ತಮ್ಮ ಬಂಧುಗಳ ಮಾತಿಗೆ ಆಧಾರವೇ ಇಲ್ಲವೆನ್ನಲಾಗದು. ಇಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದವರು 55 ವರ್ಷ ದಾಟಿದ 957 ಚೀನೀ ಮೂಲದ ಹಿರಿಯರನ್ನು ಕೆಲವು ವರ್ಷ ಗಮನಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಯಮಿತವಾಗಿ ಚಹಾ ಕುಡಿಯುವವರಲ್ಲಿ ಅರಿವಿನ ಶಕ್ತಿ ಕುಂದುವ ಅಪಾಯ ಅರ್ಧದಷ್ಟು ಕಡಿಮೆ ಕಂಡಿತ್ತು. ಹಸಿರು, ಕಪ್ಪು, ಊಲಾಂಗ್ ಎಂಬ ಭೇದ ಅದರಲ್ಲಿ ಮುಖ್ಯವಾಗಲಿಲ್ಲ, ಹಾಗಾಗಿ ಚಹಾದ ಬಗೆ ಬದಲಿಸಲು ಹಣ ಸುರಿಯಬೇಕಿಲ್ಲ. ಆದರೆ ಅದು ಜನರ ರೂಢಿಯನ್ನು ಗಮನಿಸಿದ ಅಧ್ಯಯನವೇ ಹೊರತು ಚಹಾ ಕೊಟ್ಟು ಮಾಡಿದ ಪ್ರಯೋಗವಲ್ಲ. ದಿನವೂ ಚಹಾ ಕುಡಿಯುವವರು ಮೊದಲೇ ಹೆಚ್ಚು ಆರೋಗ್ಯವಂತರೂ ಸ್ನೇಹಪರರೂ ಆಗಿದ್ದಿರಬಹುದು. ಈಗಾಗಲೇ ಆರಂಭವಾದ ಮರೆವನ್ನು ಚಹಾ ಹಿಂದಕ್ಕೆ ತಿರುಗಿಸುತ್ತದೆಂದು ಅದು ತೋರಿಸಿಲ್ಲ.

ಶಿವಮೊಗ್ಗದಿಂದ ಇನ್ನೊಬ್ಬರು:
ಊಟದ ಜೊತೆಗೆ ಚಹಾ ಬೇಡ. ಅದು ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ನಮ್ಮ ಅತ್ತೆಯವರಿಗೆ ರಕ್ತಹೀನತೆ ಇದ್ದುದರಿಂದ ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿಡಲು ವೈದ್ಯರು ಸೂಚಿಸಿದ್ದರು. ತಂದೆಯವರ ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ನನ್ನೂ ಸೇರಿಸಿಕೊಳ್ಳಿ.