ಮಾಲ್ ಕಾಮಗಾರಿ: ಪರಿಸರ ಅನುಮತಿ ಪೋರ್ಟಲ್‌ನಲ್ಲಿ ಸಿಗುತ್ತಿಲ್ಲ, ಬೋರ್ಡಿನ ಲೆಕ್ಕವೂ ಕೂಡುತ್ತಿಲ್ಲ (ಮೈಸೂರು, ರಿಂಗ್ ರೋಡ್)

ರಿಂಗ್‌ರೋಡ್ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಗೆ ಅಂಟಿಕೊಂಡ ಹಾಗೆ ರಿಂಗ್ ರೋಡ್ ಪಕ್ಕ ದೊಡ್ಡ ಮಾಲ್ ಬರುತ್ತಿದೆ. ಸುತ್ತ ತಗಡಿನ ಬೇಲಿ ಹಾಕಿದ್ದಾರೆ, ಒಳಗೆ ಹಿಟಾಚಿಗಳು ಮಣ್ಣು ಎತ್ತುತ್ತಿವೆ. ಗುಂಡಿ ಆಳ ಆದ ಹಾಗೆ ನೀರು ಜಿನುಗೋಕೆ ಶುರುವಾಗಿದೆ. ಪಂಪ್ ಇಟ್ಟು ಆ ಕೆಸರು ನೀರನ್ನು ಹಿಂದಿನ ಮಳೆನೀರು ಚರಂಡಿಗೆ ಬಿಡುತ್ತಿದ್ದಾರೆ. ಚರಂಡಿ ಹೋಗುವುದು ನೇರ ಕೆರೆಗೆ. ಸೇರುವ ಜಾಗದಲ್ಲಿ ನಿಂತು ನೋಡಿದರೆ ಕೆರೆ ನೀರು ಟೀ ಬಣ್ಣಕ್ಕೆ ತಿರುಗಿದೆ, ಜೊಂಡಿನ ಬುಡದಲ್ಲಿ ಹೂಳು ಕೂತಿದೆ.

ಕೇಂದ್ರ ಪರಿಸರ ಸಚಿವಾಲಯದ ಅನುಮತಿ ಅರ್ಜಿಗಳಿರುವ ಪರಿವೇಶ್ ಪೋರ್ಟಲ್‌ನಲ್ಲಿ ಮಾಲ್ ಹೆಸರು ಹಾಕಿ ಹುಡುಕಿದೆ, ಏನೂ ಬರಲಿಲ್ಲ. ನಕ್ಷೆ ಮಂಜೂರು ಮಾಡಿದ ಕಚೇರಿಯಲ್ಲಿ ವಿಚಾರಿಸಿದೆ. "20,000 ಚದರ ಮೀಟರ್ ದಾಟಿಲ್ಲ, ಪರಿಸರ ಅನುಮತಿ ಬೇಕಿಲ್ಲ" ಅಂತ ಹೇಳಿ ಕಳಿಸಿದರು. ಬೇಲಿಗೆ ಹಾಕಿರೋ ಬೋರ್ಡಿನಲ್ಲಿ "ವಿಸ್ತೀರ್ಣ 18,900 ಚ.ಮೀ." ಅಂತಿದೆ, ಅದರ ಕೆಳಗೆ "2 ಬೇಸ್‌ಮೆಂಟ್ + ನೆಲ + 4 ಮಹಡಿ" ಅಂತಿದೆ. ಇಷ್ಟು ದೊಡ್ಡ ಕಟ್ಟಡಕ್ಕೆ ನಿಜವಾಗಲೂ ಅನುಮತಿ ಬೇಡವಾ? ಸಾರ್ವಜನಿಕ ಅಹವಾಲು ಸಭೆ ಯಾಕೆ ಕರೆಯಲಿಲ್ಲ? ಎಲ್ಲಿಂದ ಹಿಡಿಯಬೇಕು ಅಂತ ಗೊತ್ತಿರೋರು ಹೇಳಿ.

ನೀಲಿನಕ್ಷೆ:

ಮೊದಲು ಮೂರು ವಿಷಯ ತಿಳಿಸಿ, ಆಮೇಲೆ ಮಾತಾಡೋಣ. ಬೋರ್ಡಿನಲ್ಲಿ ಸರ್ವೆ ನಂಬರ್ ಮತ್ತು ಹಳ್ಳಿಯ ಹೆಸರು ಇದೆಯಾ? ಲೈಸೆನ್ಸ್ ಕೊಟ್ಟಿದ್ದು ಯಾರು, ಮಹಾನಗರ ಪಾಲಿಕೆಯಾ, ಪ್ರಾಧಿಕಾರವಾ, ಬೇರೆ ಸ್ಥಳೀಯ ಸಂಸ್ಥೆಯಾ? ಬೇಸ್‌ಮೆಂಟ್ ಒಂದೊಂದು ಎಷ್ಟು ದೊಡ್ಡದು?

ಎರಡನೇದನ್ನು ಸುಮ್ನೆ ಕೇಳುತ್ತಿಲ್ಲ. ರಿಂಗ್ ರೋಡ್ ಸುತ್ತ 2020ರ ಕೊನೆಯಲ್ಲಿ ಹೂಟಗಳ್ಳಿ ನಗರಸಭೆ ಆಯ್ತು, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಹೋಗಿ ಮೈಸೂರು ಅಭಿವೃದ್ಧಿ ಪ್ರಾಧಿಕಾರ ಬಂತು. ಗಡಿಗಳು ಬದಲಾಗುತ್ತಾ ಇರುವುದರಿಂದ ಎಷ್ಟೋ ಅರ್ಜಿಗಳು "ನಮ್ಮ ವ್ಯಾಪ್ತಿಗೆ ಬರಲ್ಲ" ಅನ್ನೋ ಒಂದೇ ಸಾಲಿನಲ್ಲಿ ವಾಪಸ್ ಬರುತ್ತವೆ.

ನಿಮಗೆ ಕಚೇರಿಯಲ್ಲಿ ಹೇಳಿದ್ದು ಮಾತ್ರ ಸರಿಯಿಲ್ಲ ಅನ್ನಿಸುತ್ತೆ. 18,900 ಅನ್ನೋದು ಎಫ್‌ಎಆರ್ (ನಿವೇಶನದ ಅಳತೆಗೆ ಎಷ್ಟು ಪಟ್ಟು ಮಹಡಿ ವಿಸ್ತೀರ್ಣ ಕಟ್ಟಬಹುದು ಅನ್ನೋ ಅನುಪಾತ) ಲೆಕ್ಕ ಇರಬೇಕು. ನಕ್ಷೆ ಮಂಜೂರು ಮಾಡುವಾಗ ಎಫ್‌ಎಆರ್‌ಗೆ ಪಾರ್ಕಿಂಗ್ ಬೇಸ್‌ಮೆಂಟ್ ಸೇರಿಸುವುದಿಲ್ಲ. ಲಿಫ್ಟ್ ಬಾವಿ, ಡಕ್ಟ್ ಥರದವನ್ನೂ ಕಳೆಯುತ್ತಾರೆ. ಅದು ನಿಯಮದ ಪ್ರಕಾರವೇ. ಆದರೆ ಪರಿಸರ ಅನುಮತಿಗೆ ಅಳೆಯುವ ಕೋಲೇ ಬೇರೆ. ಅದು 2006ರ ಸೆಪ್ಟೆಂಬರ್ 14ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆಯ 8(ಎ) ಬಾಬಿಗೆ ಬರುತ್ತೆ. 20,000 ಚದರ ಮೀಟರ್ ಮುಟ್ಟಿದರೆ ಕೆಲಸ ಶುರು ಮಾಡುವ ಮುಂಚೆಯೇ ಅನುಮತಿ ತೆಗೆದುಕೊಳ್ಳಬೇಕು. 1,50,000 ಮುಟ್ಟಿದರೆ 8(ಬಿ). 2011ರ ಏಪ್ರಿಲ್ ತಿದ್ದುಪಡಿಯಲ್ಲಿ "ನಿರ್ಮಿತ ವಿಸ್ತೀರ್ಣ" ಅಂದರೆ ಏನು ಅಂತ ಬಿಡಿಸಿ ಬರೆದಿದ್ದಾರೆ. ಎಲ್ಲ ಮಹಡಿಗಳೂ ಸೇರಬೇಕು, ಬೇಸ್‌ಮೆಂಟ್ ಸೇರಬೇಕು, ಸರ್ವಿಸ್ ಜಾಗಗಳೂ ಸೇರಬೇಕು.

ಒಂದೇ ಕಟ್ಟಡಕ್ಕೆ ಎರಡು ಲೆಕ್ಕ ಇರುತ್ತೆ, ಎರಡೂ ಕಾನೂನಿನಲ್ಲೇ ಇವೆ. ಒಂದರ ಉತ್ತರವನ್ನು ಇನ್ನೊಂದರ ಪ್ರಶ್ನೆಗೆ ಕೊಟ್ಟರೆ ಜನ ದಾರಿ ತಪ್ಪುತ್ತಾರೆ.

ಅಹವಾಲು ಸಭೆ ಬಗ್ಗೆ: 8ನೇ ಬಾಬಿನ ಕಟ್ಟಡ ಯೋಜನೆಗಳಿಗೆ ಅದು ಕಡ್ಡಾಯ ಅಲ್ಲ. ಅಧಿಸೂಚನೆಯಲ್ಲೇ ವಿನಾಯಿತಿ ಕೊಟ್ಟಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಮಾಲ್ ಪಕ್ಕದಲ್ಲಿ ಬಾಳಬೇಕಾದವರ ಮಾತನ್ನು ಯಾರೂ ಕೇಳಿಸಿಕೊಳ್ಳಲ್ಲ ಅಂತ ಆಗುತ್ತೆ. ಆದರೆ ಅದನ್ನೇ ದೂರಿನ ಮುಖ್ಯ ಅಂಶ ಮಾಡಬೇಡಿ, ನಿಲ್ಲುವುದಿಲ್ಲ.

ರಿಂಗ್‌ರೋಡ್ ನಿವಾಸಿ:

ತುಂಬಾ ಉಪಕಾರ ಸಾರ್. ಸರ್ವೆ ನಂಬರ್ ಇದೆ. ಬೇಸ್‌ಮೆಂಟ್ ಅಳತೆ ಬೋರ್ಡಿನಲ್ಲಿಲ್ಲ. ಸೈಟಿನ ಒಬ್ಬ ಸೂಪರ್‌ವೈಸರ್ ಒಂದೊಂದು ಸುಮಾರು 4,200 ಚದರ ಮೀಟರ್ ಅಂದರು. ಹಾಗಾದರೆ 18,900ಕ್ಕೆ 8,400 ಸೇರಿಸಿ 27,300. ದಾಟೇ ಬಿಡ್ತಲ್ಲ!

ಕೆರೆ ಏರಿ:

ದಾಟಿದೆ, ನಿಜ. ಆದರೆ ಅನುಮತಿಯೇ ಇಲ್ಲ ಅಂತ ಈಗಲೇ ತೀರ್ಮಾನ ಮಾಡಬೇಡಿ ಅಕ್ಕ/ಅಣ್ಣ. ಪರಿವೇಶ್‌ನಲ್ಲಿ ಮಾಲ್ ಹೆಸರಲ್ಲಿ ಹುಡುಕಿದರೆ ಸಿಗೋದು ಕಮ್ಮಿ. ಅರ್ಜಿ ಹಾಕುವ ಹೊತ್ತಿಗೆ ಆ ಹೆಸರೇ ಇರುವುದಿಲ್ಲ. "ವಾಣಿಜ್ಯ ಕಟ್ಟಡ ಯೋಜನೆ" ಅಂತ ಇರುತ್ತೆ, ಅರ್ಜಿದಾರರು ಜಮೀನು ಮಾಲೀಕರ ಕಂಪನಿ ಆಗಿರುತ್ತಾರೆ. ಜಿಲ್ಲೆ ಮೈಸೂರು, ಬಾಬು 8(ಎ) ಅಂತ ಹಾಕಿ ಪಟ್ಟಿ ತೆಗೆಯಿರಿ. ಆಮೇಲೆ ಹಳ್ಳಿ ಹೆಸರು, ಸರ್ವೆ ನಂಬರ್ ಹೊಂದಿಸಿ ನೋಡಿ. ಹಳ್ಳಿ ಹೆಸರಿನ ಇಂಗ್ಲಿಷ್ ಕಾಗುಣಿತ ಮನಸ್ಸಿಗೆ ಬಂದ ಹಾಗೆ ಬರೆದಿರುತ್ತಾರೆ, ಎರಡು ಮೂರು ಥರ ಹಾಕಿ. ಹಳೆ ಪರಿವೇಶ್, ಹೊಸ 2.0 ಎರಡನ್ನೂ ಬೇರೆ ಬೇರೆ ನೋಡಬೇಕು.

ಸಿಕ್ಕಿದರೆ ಪತ್ರ ಮಾತ್ರ ಓದಿ ನಿಲ್ಲಿಸಬೇಡಿ. ರಾಜ್ಯ ಮಟ್ಟದಲ್ಲಿ ಅನುಮತಿ ಕೊಡುವುದು ಎಸ್‌ಇಐಎಎ ಅನ್ನೋ ಪ್ರಾಧಿಕಾರ. ಅದಕ್ಕಿಂತ ಮುಂಚೆ ಎಸ್‌ಇಎಸಿ ಅನ್ನೋ ತಜ್ಞರ ಸಮಿತಿ ಕೂತು ಪರಿಶೀಲನೆ ಮಾಡುತ್ತೆ. ಅದರ ಸಭೆಯ ನಡಾವಳಿಗಳಲ್ಲೇ ನಿಜವಾದ ಸರಕು ಇರೋದು. ರಾಜಕಾಲುವೆ ಎಲ್ಲಿದೆ, ಅಂತರ್ಜಲ ಎಷ್ಟು ಆಳದಲ್ಲಿದೆ, ನೀರಿಗೆ ವಾಣಿ ವಿಲಾಸ ನೀರು ಸರಬರಾಜಿನವರು ಒಪ್ಪಿದ್ದಾರಾ, ಕೊಳಚೆ ಶುದ್ಧೀಕರಣ ಘಟಕದ ನೀರು ಎಲ್ಲಿಗೆ ಹೋಗುತ್ತೆ, ಎಲ್ಲ ಕೇಳಿರುತ್ತಾರೆ. ಯೋಜನೆಯವರು ಕೊಟ್ಟ ಉತ್ತರವೂ ಅಲ್ಲೇ ದಾಖಲಾಗಿರುತ್ತೆ.

ಅಂಗಡಿ ಬೀದಿ:

ನಾನು ಇದೇ ರಸ್ತೆಯಲ್ಲಿ ದಿನಸಿ ಅಂಗಡಿ ಇಟ್ಟಿರೋನು. ಮಾಲ್ ಬಂದರೆ ನನಗೆ ಪೆಟ್ಟು ಬೀಳುತ್ತೆ, ಆದರೂ ಒಂದು ಮಾತು. ನಮ್ಮ ಏರಿಯಾ ಹುಡುಗರು ಎಷ್ಟೋ ಜನ ಅಲ್ಲಿ ಕೆಲಸ ಸಿಗುತ್ತೆ ಅಂತ ಕಾಯ್ತಿದ್ದಾರೆ. ನಿಲ್ಲಿಸಬೇಕು ಅನ್ನೋದೇ ಉದ್ದೇಶ ಆದರೆ ಬೀದಿಯವರು ಯಾರೂ ಸಹಿ ಹಾಕಲ್ಲ.

ಕೆರೆ ಏರಿ:

ಅಣ್ಣ, ನಿಮ್ಮ ಮಾತು ಒಪ್ಪಿದೆ. ಮಾಲೇ ಬೇಡ ಅಂತ ಇಲ್ಲಿ ಯಾರೂ ಹೇಳ್ತಿಲ್ಲ. ಯಾವ ಕಟ್ಟಡಕ್ಕೆ ಅನುಮತಿ ಸಿಕ್ಕಿದೆಯೋ ಅದನ್ನೇ ಕಟ್ಟಲಿ, ಕೆರೆಗೆ ಕೆಸರು ಬಿಡದೆ ಕಟ್ಟಲಿ. ಪ್ಲೇಗ್ ಬಂದು ಹೋದ ಮೇಲೆ 1903ರಲ್ಲೇ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಮಾಡಿ, ಚರಂಡಿ ಯಾವ ಕಡೆ ಹರಿಯಬೇಕು ಅಂತ ಯೋಚಿಸಿ ಬಡಾವಣೆ ಹಾಕಿದ ಊರು ನಮ್ಮದು. ಕುಕ್ಕರಹಳ್ಳಿ, ಕಾರಂಜಿ, ಲಿಂಗಾಂಬುಧಿ ಇವತ್ತಿಗೂ ಉಳಿದಿರೋದು ಜನ ಬೆನ್ನು ಬಿಡದೆ ಕೇಳಿದ್ದಕ್ಕೆ. ನಮ್ಮ ಬಡಾವಣೆ ಪಕ್ಕದ ಸಣ್ಣ ಕೆರೆಗಳಿಗೆ ಹಾಗೆ ಕೇಳೋರು ಇಲ್ಲ.

ರಿಂಗ್‌ರೋಡ್ ನಿವಾಸಿ:

ಸಿಕ್ತು! ಹಳೆ ಪರಿವೇಶ್‌ನಲ್ಲಿದೆ. ನೀವು ಹೇಳಿದ ಹಾಗೇ ಬೇರೆ ಕಂಪನಿ ಹೆಸರು, ಹಳ್ಳಿ ಹೆಸರಲ್ಲಿ ಒಂದು ಅಕ್ಷರ ಕಮ್ಮಿ. ಅನುಮತಿ ಕೊಟ್ಟು ಮೂರು ವರ್ಷದ ಮೇಲಾಗಿದೆ. ಪತ್ರದಲ್ಲಿ ನಿರ್ಮಿತ ವಿಸ್ತೀರ್ಣ 23,100 ಚ.ಮೀ., "ಒಂದು ಬೇಸ್‌ಮೆಂಟ್ + ನೆಲ + 4" ಅಂತಿದೆ.

ನಡಾವಳಿ ಓದಿ ಬೆಚ್ಚಿಬಿದ್ದೆ. ಕೆರೆ ತಗ್ಗಿನಲ್ಲಿರುವುದರಿಂದ ನೀರು ಮೇಲೆಯೇ ಸಿಗುತ್ತಲ್ಲ, ಬೇಸ್‌ಮೆಂಟ್ ಎಷ್ಟು ಆಳ ಅಂತ ಸಮಿತಿ ಕೇಳಿದೆ. "ಒಂದೇ ಬೇಸ್‌ಮೆಂಟ್ ಮಾಡುತ್ತೇವೆ" ಅಂತ ಉತ್ತರ ಕೊಟ್ಟಿದ್ದಾರೆ. ಷರತ್ತುಗಳಲ್ಲಿ, ಗುಂಡಿಯ ನೀರನ್ನು ಹೂಳು ಇಳಿಯುವ ತೊಟ್ಟಿಯಲ್ಲಿ ನಿಲ್ಲಿಸದೆ ಚರಂಡಿಗೆ ಬಿಡಬಾರದು ಅಂತಲೂ ಇದೆ. ಸೈಟಿನಲ್ಲಿ ತೊಟ್ಟಿ ಇಲ್ಲ. ಪಂಪಿನ ಪೈಪು ಸೀದಾ ಚರಂಡಿ ಕಲ್ಲಿನ ಮೇಲೆ ಇದೆ.

ನೀಲಿನಕ್ಷೆ:

18,900 + 4,200 = 23,100. ಲೆಕ್ಕ ಕರೆಕ್ಟಾಗಿ ಕೂತಿತು. ಅಂದರೆ ಅನುಮತಿ ಸಿಕ್ಕಿದ್ದು ಒಂದು ಬೇಸ್‌ಮೆಂಟಿನ ಕಟ್ಟಡಕ್ಕೆ. ಎರಡನೇದು ಆಮೇಲೆ ಸೇರಿದೆ. ಎಫ್‌ಎಆರ್ ಬದಲಾಗದೇ ಇರೋದರಿಂದ ನಗರದ ಕಡತದಲ್ಲಿ ಅದು ಎದ್ದು ಕಾಣಲಿಲ್ಲ. ಪರಿಷ್ಕೃತ ನಕ್ಷೆ ಮಂಜೂರು ಮಾಡುವಾಗ ಪರಿಸರ ಅನುಮತಿ ಪತ್ರವನ್ನು ಪಕ್ಕದಲ್ಲಿಟ್ಟು ನೋಡಿದ್ದರೆ ಅಲ್ಲೇ ಸಿಗುತ್ತಿತ್ತು.

ಈಗ ನಿಮ್ಮ ಪ್ರಶ್ನೆಯೇ ಬದಲಾಯಿತು. "ಅನುಮತಿ ಇಲ್ಲ" ಅಂತ ದೂರು ಕೊಟ್ಟರೆ ಅವರು ಹಳೆ ಪತ್ರ ತೋರಿಸಿ ಮುಗಿಸಿಬಿಡುತ್ತಾರೆ. "ಅನುಮತಿ ಪಡೆದದ್ದಕ್ಕಿಂತ ಜಾಸ್ತಿ ಕಟ್ಟುತ್ತಿದ್ದಾರೆ, ವಿಸ್ತರಣೆಗೆ ಮುಂಚಿತ ಅನುಮತಿ ಪಡೆದಿಲ್ಲ" ಅಂತ ಬರೆಯಿರಿ. ಅಧಿಸೂಚನೆಯ 7ನೇ ಪ್ಯಾರಾದಲ್ಲಿ ವಿಸ್ತರಣೆಗೂ ಮತ್ತೆ ಅನುಮತಿ ಬೇಕು ಅಂತ ಇದೆ.

ಆದರೆ ಸೂಪರ್‌ವೈಸರ್ ಬಾಯಿಮಾತಿನ ಮೇಲೆ ದೂರು ನಿಲ್ಲಲ್ಲ. ಕಾಗದ ಬೇಕು. ಮಾಹಿತಿ ಹಕ್ಕು ಅರ್ಜಿ ಹಾಕಿ.

ಅರ್ಜಿ ನಮೂನೆ:

ಮಾಹಿತಿ ಹಕ್ಕಿನ ವಿಷಯ ಬಂತು ಅಂತ ಬರೆಯುತ್ತಿದ್ದೇನೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ ಇರಬೇಕು. ಜಾಸ್ತಿ ಬರೆದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತೆ. "ಯಾಕೆ ಕೊಟ್ಟಿರಿ, ಹೇಗೆ ಕೊಟ್ಟಿರಿ" ಅಂತ ಕೇಳಬೇಡಿ. ದಾಖಲೆ ಕೇಳಿ. ಹೀಗೆ ಬರೆಯಬಹುದು:

"ವಿಷಯ: ಸರ್ವೆ ನಂ. … ರಲ್ಲಿನ ವಾಣಿಜ್ಯ ಕಟ್ಟಡದ ಮಂಜೂರಾತಿ ಕಡತ. ಸದರಿ ಕಟ್ಟಡಕ್ಕೆ ಮಂಜೂರಾದ ಮೂಲ ಮತ್ತು ಪರಿಷ್ಕೃತ ನಕ್ಷೆಗಳ ಮಹಡಿವಾರು ವಿಸ್ತೀರ್ಣ ಪಟ್ಟಿ (ಬೇಸ್‌ಮೆಂಟ್ ಸೇರಿ), ಪರಿಷ್ಕೃತ ಮಂಜೂರಾತಿ ಆದೇಶ, ಕಡತದಲ್ಲಿರುವ ಪರಿಸರ ಅನುಮತಿ ಪತ್ರ ಹಾಗೂ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿಗಳನ್ನು ನೀಡಿ. ಕಡತ ಪರಿಶೀಲನೆಗೆ ದಿನಾಂಕ ತಿಳಿಸಿ."

ಪೂರ್ತಿ ನಕ್ಷೆ ಕೇಳಿದರೆ "ಮೂರನೇ ವ್ಯಕ್ತಿಯ ಮಾಹಿತಿ" ಅಂತ ತಡೆಯುವ ಸಾಧ್ಯತೆ ಇದೆ. ಅದಕ್ಕೇ ವಿಸ್ತೀರ್ಣ ಪಟ್ಟಿ ಮಾತ್ರ ಕೇಳಿದ್ದು, ನಿಮಗೆ ಬೇಕಿರೋದೂ ಅದೇ. ಟಿಪ್ಪಣಿ ಹಾಳೆ ಬಿಡಬೇಡಿ. ಯಾವ ಟೇಬಲ್ಲಿನಲ್ಲಿ ಯಾರು ಏನು ಬರೆದು ಮುಂದಕ್ಕೆ ಕಳಿಸಿದರು ಅನ್ನೋದು ಅಲ್ಲಿರುತ್ತೆ. 30 ದಿನದಲ್ಲಿ ಉತ್ತರ ಬರದಿದ್ದರೆ, ಆಮೇಲಿನ 30 ದಿನದ ಒಳಗೆ ಮೊದಲ ಮೇಲ್ಮನವಿ ಹಾಕಿ.

ಕೆರೆ ಏರಿ:

ಅರ್ಜಿಗೆ ಉತ್ತರ ಬರೋವರೆಗೆ ಕೆರೆ ಕಾಯೋಕಾಗಲ್ಲ. ಕೆಸರು ನೀರಿನ ದೂರನ್ನು ಬೇರೆಯಾಗಿ, ಇವತ್ತೇ ಕೊಡಿ. ಅದಕ್ಕೆ ಬೇಸ್‌ಮೆಂಟ್ ಲೆಕ್ಕ ಬೇಕಾಗಿಲ್ಲ, ಷರತ್ತು ಮುರಿದಿದ್ದಾರೆ ಅನ್ನೋದಷ್ಟೇ ಸಾಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಮೈಸೂರು ಪ್ರಾದೇಶಿಕ ಕಚೇರಿಗೆ ಒಂದು, ಎಸ್‌ಇಐಎಎ ಸದಸ್ಯ ಕಾರ್ಯದರ್ಶಿಗೆ ಒಂದು, ಬೆಂಗಳೂರಲ್ಲಿರುವ ಕೇಂದ್ರ ಪರಿಸರ ಸಚಿವಾಲಯದ ಪ್ರಾದೇಶಿಕ ಕಚೇರಿಗೆ ಒಂದು ಪ್ರತಿ. ಷರತ್ತು ಪಾಲನೆ ನೋಡಿಕೊಳ್ಳೋದು ಆ ಕೊನೆಯ ಕಚೇರಿಯ ಕೆಲಸವೇ.

ಫೋಟೋ ತೆಗೆಯುವಾಗ ಪಂಪು, ಪೈಪು, ಚರಂಡಿ ಮೂರೂ ಒಂದೇ ಚೌಕಟ್ಟಿನಲ್ಲಿ ಬರಲಿ. ಕೆಸರಿನ ಫೋಟೋ ಮಾತ್ರ ಕೊಟ್ಟರೆ "ಮಳೆ ನೀರು" ಅಂತಾರೆ. ಮಳೆ ಇಲ್ಲದ ದಿನ, ದಿನಾಂಕ ಮತ್ತು ಜಾಗ ಕಾಣುವ ಹಾಗೆ ತೆಗೆಯಿರಿ. ಚರಂಡಿ ಕೆರೆಗೆ ಸೇರುವ ಕಡೆದು ಇನ್ನೊಂದು, ಪೈಪಿಗಿಂತ ಮೇಲ್ಗಡೆ ಚರಂಡಿ ಒಣಗಿರೋದು ಇನ್ನೊಂದು. ಈ ಮೂರನೇದೇ ಗಟ್ಟಿ ಸಾಕ್ಷಿ. ರಸ್ತೆಯಿಂದಲೇ ತೆಗೆಯಿರಿ, ಬೇಲಿ ದಾಟಿ ಒಳಗೆ ಹೋಗಬೇಡಿ.

ರಾತ್ರಿ ಕೆಲಸ ನಡೀತಿದ್ದರೆ ಅದನ್ನೂ ಸೇರಿಸಿ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಬ್ರೇಕರ್ ಹೊಡೆದರೆ ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತೆ.

ರಿಂಗ್‌ರೋಡ್ ನಿವಾಸಿ:

ಹಸಿರು ನ್ಯಾಯಮಂಡಳಿಗೆ ಹೋಗಬೇಕು ಅಂತ ನಮ್ಮ ನಿವಾಸಿಗಳ ಸಂಘದಲ್ಲಿ ಕೆಲವರು ಹೇಳ್ತಿದ್ದಾರೆ. ಗಡುವು ಮುಗಿದಿದೆಯಾ?

ನೀಲಿನಕ್ಷೆ:

ಎರಡು ಬೇರೆ ದಾರಿ ಇವೆ, ಕಲಸಿಕೊಳ್ಳಬೇಡಿ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 16ನೇ ಸೆಕ್ಷನ್ನಿನಲ್ಲಿ ಅನುಮತಿಯನ್ನೇ ಪ್ರಶ್ನಿಸಬಹುದು. ಅದಕ್ಕೆ 30 ದಿನ, ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ. ಮೂರು ವರ್ಷದ ಹಿಂದಿನ ಪತ್ರ, ಆ ಬಾಗಿಲು ಮುಚ್ಚಿದೆ. ಅನುಮತಿ ಕೊಟ್ಟಾಗ ಅದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಜಾಹೀರಾತು ಮಾಡಬೇಕು, ಒಂದಾದರೂ ಕನ್ನಡ ಪತ್ರಿಕೆ ಆಗಿರಬೇಕು. ಸ್ಥಳೀಯ ಸಂಸ್ಥೆಯೂ 30 ದಿನ ಪ್ರದರ್ಶನಕ್ಕೆ ಇಡಬೇಕು. ನಿಮ್ಮ ಬಡಾವಣೆಯಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ ಅಂದರೆ ಆ ಜಾಹೀರಾತಿನ ಪ್ರತಿಯನ್ನೂ ಇನ್ನೊಂದು ಅರ್ಜಿಯಲ್ಲಿ ಕೇಳಿ.

14ನೇ ಸೆಕ್ಷನ್ನಿನ ದಾರಿ ತೆರೆದಿರಬಹುದು. ಅದರಲ್ಲಿ ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳು, ಮೇಲೆ 60 ದಿನ. ಎರಡನೇ ಬೇಸ್‌ಮೆಂಟಿನ ಅಗೆತ ಯಾವಾಗ ಶುರುವಾಯ್ತು ಅನ್ನೋದು ಮುಖ್ಯ ಆಗುತ್ತೆ. ಆ ದಿನಾಂಕಕ್ಕೆ ಸಾಕ್ಷಿ ಹುಡುಕಿ ಇಟ್ಟುಕೊಳ್ಳಿ. ಅಕ್ಕಪಕ್ಕದವರ ಮಹಡಿಯಿಂದ ತೆಗೆದ ಹಳೆ ಫೋಟೋ ಆದರೂ ಸರಿ. ನಮಗೆ ಬರೋದು ಚೆನ್ನೈನ ದಕ್ಷಿಣ ವಲಯ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ವಕೀಲರ ಹತ್ತಿರ ಹೋಗುವ ಮುಂಚೆ ವಿಸ್ತೀರ್ಣ ಪಟ್ಟಿ ಕೈಲಿರಲಿ.

ನಗರದ ಕಡೆ ಇನ್ನೊಂದು ಹಿಡಿತ ಇದೆ, ಇದನ್ನು ಜನ ಮರೀತಾರೆ. ಕಟ್ಟಡ ಮುಗಿದರೂ ಒಸಿ (ಕಟ್ಟಡ ಬಳಸಬಹುದು ಅನ್ನೋ ಸ್ವಾಧೀನ ಪ್ರಮಾಣಪತ್ರ) ಸಿಗದೆ ಮಾಲ್ ತೆರೆಯುವ ಹಾಗಿಲ್ಲ. ಮಾಲಿನ್ಯ ಮಂಡಳಿಯ ಕಾರ್ಯಾಚರಣೆ ಸಮ್ಮತಿಯೂ ಬೇಕು. ಪರಿಸರ ಅನುಮತಿಗೂ ಕಟ್ಟಿದ ಕಟ್ಟಡಕ್ಕೂ ವ್ಯತ್ಯಾಸ ಇದೆ ಅಂತ ಈಗಲೇ ಲಿಖಿತ ಆಕ್ಷೇಪಣೆ ಕಡತಕ್ಕೆ ಸೇರಿಸಿ. ಒಸಿ ಅರ್ಜಿ ಬಂದ ದಿನ ಆ ಅಧಿಕಾರಿ ನಿಮ್ಮ ಪತ್ರ ದಾಟಿಯೇ ಸಹಿ ಹಾಕಬೇಕು. ಟಪಾಲು ವಿಭಾಗದಲ್ಲೇ ಕೊಟ್ಟು, ಪ್ರತಿ ಮೇಲೆ ಸೀಲು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ.

ಅಂಗಡಿ ಬೀದಿ:

ಮಾಲ್ ಬೇಡ ಅಂತ ಬರೆಯದೆ, ಕೆಸರು ನೀರು ಮತ್ತು ಎರಡನೇ ಬೇಸ್‌ಮೆಂಟ್ ಬಗ್ಗೆ ಮಾತ್ರ ಬರೆದರೆ ನಾನೂ ಸಹಿ ಹಾಕ್ತೀನಿ. ಪತ್ರ ಅಂಗಡಿಯಲ್ಲಿ ಇಡಿ, ಗಿರಾಕಿಗಳಿಗೂ ತೋರಿಸ್ತೀನಿ.

ರಿಂಗ್‌ರೋಡ್ ನಿವಾಸಿ:

ಎಲ್ಲರಿಗೂ ಧನ್ಯವಾದ. ಕೆಸರು ನೀರಿನ ದೂರು ಕೊಟ್ಟಾಯಿತು, ಇನ್‌ವರ್ಡ್ ನಂಬರ್ ಸಿಕ್ಕಿದೆ. ಮಂಡಳಿಯವರು ಸ್ಥಳಕ್ಕೆ ಬಂದು ನೋಡಿ ಹೋದ ಮೇಲೆ ಪಂಪಿನ ಪೈಪು ಚರಂಡಿಯಿಂದ ತೆಗೆದಿದ್ದಾರೆ. ಮೂಲೆಯಲ್ಲಿ ತೊಟ್ಟಿ ಕಟ್ಟೋಕೆ ಇಟ್ಟಿಗೆ ಬಂದಿದೆ. ವಿಸ್ತೀರ್ಣ ಪಟ್ಟಿಗೆ ಅರ್ಜಿ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ.

ಕೆರೆ ಏರಿ:

ಒಳ್ಳೇದಾಯಿತು. ಅನುಮತಿ ಪಡೆದವರು ವರ್ಷಕ್ಕೆ ಎರಡು ಸಲ, ಜೂನ್ 1ಕ್ಕೆ ಮತ್ತು ಡಿಸೆಂಬರ್ 1ಕ್ಕೆ, ಷರತ್ತು ಪಾಲನೆ ವರದಿ ಸಲ್ಲಿಸಬೇಕು. ಮುಂದಿನ ವರದಿ ಬಂದ ತಕ್ಷಣ ಇಳಿಸಿಕೊಂಡು, ಬೇಸ್‌ಮೆಂಟ್ ಒಂದು ಅಂತ ಬರೆದಿದ್ದಾರಾ ಎರಡು ಅಂತ ಬರೆದಿದ್ದಾರಾ ನೋಡಿ ಇಲ್ಲೇ ಹಾಕಿ. ಒಂದು ಅಂತ ಬರೆದಿದ್ದರೆ ಆ ಪುಟ ನಿಮ್ಮ 14ನೇ ಸೆಕ್ಷನ್ ಅರ್ಜಿಗೆ ಮೊದಲ ಲಗತ್ತು ಆಗುತ್ತೆ.