ಮಾನಿಟರಿಂಗ್‌ಗೆ ಕನ್ನಡ: ‘ಕಣ್ಗಾವಲು’ ಬೇಡ, ‘ತಪಾಸಣೆ’ ಇರಲಿ; ‘ನಾಟು’ ನಡೆಯುತ್ತಾ?

> ಕಣ್ಗಾವಲು. ಅಚ್ಚಗನ್ನಡ. ಚರ್ಚೆ ಮುಗಿಯಿತು.

ಮುಗಿದಿಲ್ಲ ಸರ್. ಗುಳಿಗೆ ಕೆಲಸ ಮಾಡ್ತಿದೆಯಾ, ತೊಂದರೆ ಕೊಡ್ತಿದೆಯಾ ಅಂತ ಆಗಾಗ ನೋಡುವ ‘ಮಾನಿಟರಿಂಗ್’ಗೆ ನಾನು ಕನ್ನಡ ಪದ ಕೇಳಿದ್ದು ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯ ಕಾರ್ಡಿಗೆ. ಮಾನಸಿಕ ಕಾಯಿಲೆಗೆ ಗುಳಿಗೆ ತಗೊಳ್ಳುವವರ ಕೈಗೆ ಕೊಡುವ ಕಾರ್ಡು ಅದು. ‘ಯಾರೋ ನನ್ನನ್ನು ಸದಾ ನೋಡ್ತಿದ್ದಾರೆ’ ಅನ್ನುವ ಹೆದರಿಕೆಯೇ ಅವರಲ್ಲಿ ಕೆಲವರ ಕಾಯಿಲೆ. ಅಂಥವರಿಗೆ ‘ಕಣ್ಗಾವಲು ಚೀಟಿ’ ಕೊಡೋದಾ? ಕ್ಯಾಮೆರಾ ಇರುವ ಕಡೆ ಗೋಡೆಗೆ ಅಂಟಿಸಿರುತ್ತಾರಲ್ಲ, ಅದೇ ಪದ. ‘ನಿಗಾ’ ಕೂಡ ಬೇಡ ಅಂದೆ. ಪಾರಸಿ ಅಂತಲ್ಲ. ಜನ ಅದನ್ನು ಓದೋದು ‘ತೀವ್ರ ನಿಗಾ ಘಟಕ’ದ ಬಾಗಿಲ ಮೇಲೆ.

ಅಲ್ಲಿ ಆಗುವ ಕೆಲಸ ಏನು ಅಂತ ಮೊದಲು ನೋಡಿ. ಲಿಥಿಯಂ ಗುಳಿಗೆ ಇದೆ, ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡೋದು. ರಾತ್ರಿ ನುಂಗಿ 12 ತಾಸಾದ ಮೇಲೆ, ಬೆಳಗಿನದು ನುಂಗುವ ಮೊದಲು ರಕ್ತ ಕೊಡಬೇಕು. ರಕ್ತದಲ್ಲಿ ಲಿಥಿಯಂ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸಾಮಾನ್ಯವಾಗಿ ಸರಿ. 1.5 ದಾಟಿದರೆ ವಾಂತಿ, ಭೇದಿ, ಜೋರು ನಡುಕ, ನಡೆಯುವಾಗ ತೂರಾಟ. ಕಿಡ್ನಿ, ಥೈರಾಯ್ಡ್ ಕೂಡ ಆಗಾಗ ನೋಡಬೇಕು. ಇದರಲ್ಲಿ ಕಾವಲು ಎಲ್ಲಿದೆ?

ಇನ್ನೊಬ್ಬರು ‘ಔಷಧಪಥ್ಯ’ ಅಂದಿದ್ದಾರೆ. ದಯವಿಟ್ಟು ಬೇಡ. ನಮ್ಮ ಕಡೆ ಪಥ್ಯ ಅಂದ ಕೂಡಲೇ ಉಪ್ಪು, ಖಾರ ನಿಲ್ಲಿಸಿಬಿಡ್ತಾರೆ. ಲಿಥಿಯಂ ತಗೊಳ್ಳುವವರು ಇದ್ದಕ್ಕಿದ್ದಂತೆ ಉಪ್ಪು ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತೆ. ಬಿಸಿಲಲ್ಲಿ ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದರೂ ಅಷ್ಟೇ. ಇಲ್ಲಿ ಪದ ತಪ್ಪಿದರೆ ಜೀವಕ್ಕೇ ಬರುತ್ತೆ.

ಹೋದ ಮಂಗಳವಾರ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ವಯಸ್ಸಾದ ಅವ್ವ ಒಬ್ಬರು ಸೆರಗಿನ ಗಂಟು ಬಿಚ್ಚಿ, ತಮ್ಮ ಮನೆಯ ರೋಗಿಯ ಖಾಲಿ ಗುಳಿಗೆ ಪಟ್ಟಿ ತೆಗೆದು ಡಾಕ್ಟರ ಮುಂದೆ ಇಟ್ಟರು. ‘ಗುಳಿಗಿ ನಾಟ್ಯಾವ್ರಿ, ನಿದ್ದಿ ಬರತೈತಿ ಅವಂಗ. ಆದ್ರ ಮೈಗೆ ಒಗ್ಗವಲ್ವು, ಕೈ ನಡಗತಾವು’ ಅಂದರು. ಡಾಕ್ಟರು ಕೂಡಲೇ ರಕ್ತಕ್ಕೆ ಬರೆದುಕೊಟ್ಟರು. ನಾಟುವುದು ಬೇರೆ, ಒಗ್ಗುವುದು ಬೇರೆ: ನಾಟುವುದು ಅಂದರೆ ಗುಳಿಗೆ ಕೆಲಸ ಮಾಡೋದು, ಒಗ್ಗುವುದು ಅಂದರೆ ಮೈ ಅದನ್ನು ತಡೆದುಕೊಳ್ಳೋದು. ‘ಅಡ್ಡ ಪರಿಣಾಮ’ ಅಂತ ನಾವು ಕಷ್ಟಪಟ್ಟು ಕಟ್ಟಿದ್ದನ್ನು ಅವರು ‘ಒಗ್ಗವಲ್ವು’ ಅಂತ ಒಂದೇ ಮಾತಲ್ಲಿ ಹೇಳಿಬಿಟ್ಟರು.

ಕಾರ್ಡಿಗೆ ನಾನು ಆರಿಸಿದ ಪದ ‘ತಪಾಸಣೆ’. ‘ಅದು ಮರಾಠಿಯಿಂದ ಬಂದದ್ದು, ಕಿತ್ತು ಹಾಕಿ’ ಅಂದವರಿಗೆ: ದವಾಖಾನೆಯ ‘ದವಾ’ ಅರಬ್ಬಿ, ‘ಖಾನೆ’ ಪಾರಸಿ. ಗುಳಿಗೆ ಸಂಸ್ಕೃತದಿಂದ ಬಂದದ್ದು. ಇವನ್ನೆಲ್ಲ ಕಿತ್ತರೆ ವಿಜಯಪುರ, ಬಾಗಲಕೋಟೆಯ ರೋಗಿ ಎಲ್ಲಿಗೆ ಹೋಗಿ ಏನು ತಗೋಬೇಕು? ತಪಾಸಣೆ ಇಲ್ಲಿ ಅಜ್ಜಿಯಂದಿರ ಬಾಯಲ್ಲೂ ಇದೆ, ನನಗೆ ಅಷ್ಟು ಸಾಕು. ಎರವಲು ಪದದ ಜಗಳ ಬೇರೆ ಎಳೆಯಲ್ಲಿ ಆಡಿ, ನಾನೂ ಬರ್ತೀನಿ.

‘ಗುಳಿಗೆ ತಪಾಸಣೆ’ ಅಂದರೆ ಗುಳಿಗೆಯನ್ನೇ ಪರೀಕ್ಷೆ ಮಾಡಿದಂತಾಗುತ್ತೆ. ಅದಕ್ಕೆ ಮೇಲೆ ಬರೀ ‘ತಪಾಸಣೆ ಕಾರ್ಡು’ ಅಂತ ಇಟ್ಟಿದ್ದೇನೆ. ಒಳಗೆ ‘ಗುಳಿಗೆ ನಾಟಿದೆಯೇ?’, ‘ಮೈಗೆ ಒಗ್ಗಿದೆಯೇ?’, ‘ಮುಂದಿನ ರಕ್ತ ಪರೀಕ್ಷೆ ಯಾವತ್ತು?’. ಒಂದೇ ಅನುಮಾನ ಉಳಿದಿದೆ. ಮೈಸೂರು, ಮಂಗಳೂರು ಕಡೆ ‘ನಾಟು’ ಅಂದರೆ ಸಸಿ ನೆಡೋದು ಮಾತ್ರವಾ, ಔಷಧಕ್ಕೂ ಹೇಳ್ತೀರಾ? ಕಾರ್ಡು ತುಂಬುವ ನರ್ಸುಗಳಲ್ಲಿ ಆ ಕಡೆಯವರೂ ಇದ್ದಾರೆ. ಸೋಮವಾರ ಬೆಳಿಗ್ಗೆ ಪ್ರೆಸ್ಸಿಗೆ ಕೊಡಬೇಕು. ಅಷ್ಟರೊಳಗೆ ಹೇಳಿ.